ದೊರೆ ಬಂಗಲೆಯ ಬೆಳ್ಳಿ ಚಮಚ ಮಾಡಿದವರು ಯಾರು?

ಪ್ರಶ್ನೆ: ನಮ್ಮ ತಾತ 1950ರ ದಶಕದಲ್ಲಿ ಮೂಡಿಗೆರೆ ಕಡೆ ಇಂಗ್ಲಿಷ್ ದೊರೆಯೊಬ್ಬರಿಂದ ಕಾಫಿ ತೋಟ ಕೊಂಡಾಗ ಬಂಗಲೆಯ ಪಾತ್ರೆ ಪಡಗವೂ ಜೊತೆಗೆ ಬಂದವಂತೆ. ಅದರಲ್ಲಿ ಆರು ದೊಡ್ಡ ಬೆಳ್ಳಿ ಚಮಚ, ಆರು ಫೋರ್ಕು ಇವೆ. ಹಿಡಿಯ ಹಿಂದೆ ಸಾಲಾಗಿ ಐದು ಪುಟ್ಟ ಮುದ್ರೆಗಳಿವೆ: ಸಿಂಹ, ಕಿರೀಟವಿಟ್ಟ ಪ್ರಾಣಿಮುಖ, ಇಂಗ್ಲಿಷಿನ ದೊಡ್ಡಕ್ಷರ ‘ಎಂ’, ಗಂಡಸಿನ ತಲೆ, ಮತ್ತೆ ನಾಲ್ಕು ಅಕ್ಷರಗಳ ಒಂದು ಚೌಕ. ಎರಡು ಫೋರ್ಕಿನಲ್ಲಿ ಮಾತ್ರ ಮುದ್ರೆ ಬೇರೆ. ಹಿಡಿಯ ಮುಂದೆ ಎಲ್ಲದರಲ್ಲೂ ಹಕ್ಕಿಯ ತಲೆ ಕೆತ್ತಿದೆ. ಅದು ಕಂಪನಿಯ ಗುರುತೇ? ಪಟ್ಟಿಯೊಂದನ್ನು ನೋಡಿ ಇವು 1887ರವು ಎಂದುಕೊಂಡಿದ್ದೇವೆ. ಬೆಳ್ಳಿ ಅಂಗಡಿಯವರು ‘ಕರಗಿಸಿ ನೋಡಿದರೇ ಗೊತ್ತಾಗುವುದು’ ಅಂದರು. ಲಂಡನ್ನಿನಲ್ಲಿರುವ ಮಗಳು ಅಲ್ಲಿಗೇ ಕಳಿಸಿ ಎನ್ನುತ್ತಾಳೆ. ಮಾಡಿದವರನ್ನು ಪತ್ತೆ ಮಾಡಬಹುದೇ? (ಫೋಟೋ ಲಗತ್ತಿಸಿದ್ದೇನೆ.)
— ಓದುಗರು, ಚಿಕ್ಕಮಗಳೂರು

ಉತ್ತರ: ಮೊದಲು ಒಂದು ಮಾತು. ದಯವಿಟ್ಟು ಕರಗಿಸಲು ಕೊಡಬೇಡಿ. ಕರಗಿಸಿ ತಿಳಿಯಬೇಕಾದದ್ದು ಏನೂ ಉಳಿದಿಲ್ಲ. ಬೆಳ್ಳಿಯ ಶುದ್ಧತೆ, ಪರೀಕ್ಷೆಯಾದ ಊರು, ವರ್ಷ, ತೆರಿಗೆ, ಹೊಣೆ ಹೊತ್ತವರ ಹೆಸರು, ಎಲ್ಲವೂ ಆ ಐದು ಮುದ್ರೆಗಳಲ್ಲೇ ಇವೆ.

ನಡೆಯುತ್ತಿರುವ ಸಿಂಹ ಇಂಗ್ಲೆಂಡಿನ ಸ್ಟರ್ಲಿಂಗ್ ಬೆಳ್ಳಿಯ ಗುರುತು. ಸಾವಿರ ಭಾಗಕ್ಕೆ 925 ಭಾಗ ಅಪ್ಪಟ ಬೆಳ್ಳಿ ಎಂದರ್ಥ. 1544ರಿಂದ ಲಂಡನ್ನಿನಲ್ಲಿ ಇದನ್ನು ಒತ್ತುತ್ತಿದ್ದಾರೆ. ಪ್ರಾಣಿಮುಖ ಚಿರತೆಯದ್ದು, ಬೆಳ್ಳಿಯನ್ನು ಪರೀಕ್ಷಿಸಿ ಮುದ್ರೆ ಒತ್ತುವ ಲಂಡನ್ ಪರೀಕ್ಷಾ ಕಚೇರಿಯ ಗುರುತು. ಅದೇ ಜಾಗದಲ್ಲಿ ಲಂಗರು ಇದ್ದಿದ್ದರೆ ಬರ್ಮಿಂಗ್‌ಹ್ಯಾಮ್, ಆ ಕಾಲದ ಕಿರೀಟವೊಂದೇ ಇದ್ದಿದ್ದರೆ ಶೆಫೀಲ್ಡ್, ಮೂರು ಗೋಪುರದ ಕೋಟೆಯ ಜೊತೆ ಥಿಸಲ್ ಹೂವಿದ್ದಿದ್ದರೆ ಎಡಿನ್‌ಬರೊ ಎನ್ನುತ್ತಿದ್ದೆ. ಗಂಡಸಿನ ತಲೆ ರಾಜನದು. 1784ರಲ್ಲಿ ಬೆಳ್ಳಿ ಸಾಮಾನಿನ ಮೇಲೆ ಸುಂಕ ಹಾಕಿದಾಗ, ಸುಂಕ ಕಟ್ಟಿಯಾಗಿದೆ ಎನ್ನಲು ಇದನ್ನು ಒತ್ತತೊಡಗಿದರು. 1890ರಲ್ಲಿ ಸುಂಕ ತೆಗೆದಾಗ ತಲೆಯೂ ಹೋಯಿತು.

ಈಗ ‘ಎಂ’ ಅಕ್ಷರಕ್ಕೆ ಬರೋಣ. ನೀವು ಎಡವಿದ್ದು ಇಲ್ಲಿ, ಬಹಳ ಜನ ಎಡವುವುದೂ ಇಲ್ಲೇ. ಲಂಡನ್ ಕಚೇರಿ ವರ್ಷಕ್ಕೊಂದು ಅಕ್ಷರದಂತೆ ಇಪ್ಪತ್ತು ಅಕ್ಷರಗಳ ಸುತ್ತು ಮುಗಿಸಿ, ಅಚ್ಚಿನ ರೂಪ ಬದಲಿಸಿ ಮತ್ತೆ ‘ಎ’ಯಿಂದ ಶುರು ಮಾಡುತ್ತಿತ್ತು. ‘ಜೆ’ ಅಕ್ಷರವನ್ನೂ ‘ಯು’ ಆದಮೇಲಿನವನ್ನೂ ಬಳಸುತ್ತಿರಲಿಲ್ಲ. 1796ರಲ್ಲಿ ಶುರುವಾದ ಸುತ್ತು ಸಾದಾ ದೊಡ್ಡಕ್ಷರದ್ದು, 1876ರಲ್ಲಿ ಶುರುವಾದದ್ದೂ ಅದೇ. ಎರಡರಲ್ಲೂ ‘ಎಂ’ ಹನ್ನೆರಡನೆಯ ಅಕ್ಷರ. ಹಾಗಾಗಿ ನಿಮ್ಮ ‘ಎಂ’ 1807 ಆಗಬಹುದು, 1887 ಕೂಡ ಆಗಬಹುದು. ಅಕ್ಷರವೊಂದನ್ನೇ ಪಟ್ಟಿಗೆ ಹೋಲಿಸಿದರೆ ಎಂಬತ್ತು ವರ್ಷ ಆಚೀಚೆ ಆಗುತ್ತದೆ.

ತೀರ್ಪು ಕೊಡುವುದು ಅಕ್ಕಪಕ್ಕದ ಮುದ್ರೆಗಳು. ನಿಮ್ಮ ಚಿರತೆಯ ತಲೆಯ ಮೇಲೆ ಕಿರೀಟವಿದೆ. 1821ರಲ್ಲಿ ಲಂಡನ್ ಕಚೇರಿ ಆ ಕಿರೀಟವನ್ನು ತೆಗೆದುಹಾಕಿತು. ಅಲ್ಲಿಯವರೆಗೆ ನಮ್ಮತ್ತ ಮುಖ ತಿರುಗಿಸಿ ನೋಡುತ್ತಿದ್ದ ಸಿಂಹ, ಅದೇ ಹೊತ್ತಿಗೆ ನೇರ ಮುಂದಕ್ಕೆ ನೋಡತೊಡಗಿತು. ನಿಮ್ಮ ಸಿಂಹ ನಮ್ಮನ್ನೇ ನೋಡುತ್ತಿದೆ. ಇನ್ನು ತಲೆ: 1887 ಆಗಿದ್ದರೆ ಎಡಕ್ಕೆ ಮುಖ ಮಾಡಿದ ವಿಕ್ಟೋರಿಯಾ ರಾಣಿ ಇರಬೇಕಿತ್ತು, ಫೋಟೋದಲ್ಲಿ ಇರುವುದು ಬಲಕ್ಕೆ ನೋಡುವ ಮೂರನೆಯ ಜಾರ್ಜ್. ಮೂರು ಸಾಕ್ಷಿ ಒಂದೇ ಮಾತು ಹೇಳುತ್ತಿವೆ. ಇವು 1807–08ರ ಚಮಚಗಳು. ಎರಡು ವರ್ಷ ಸೇರಿಸಿ ಬರೆಯಲು ಕಾರಣವಿದೆ: ಆಗ ಅಕ್ಷರ ಬದಲಾಗುತ್ತಿದ್ದದ್ದು ಜನವರಿಯಲ್ಲಲ್ಲ, ಮೇ ತಿಂಗಳಲ್ಲಿ.

ಉಳಿದದ್ದು ನಾಲ್ಕು ಅಕ್ಷರದ ಚೌಕ. ಮೇಲೆ ‘ಡಬ್ಲ್ಯು ಇ’, ಕೆಳಗೆ ‘ಡಬ್ಲ್ಯು ಎಫ್’. ಇದು ವಿಲಿಯಂ ಈಲಿ ಮತ್ತು ವಿಲಿಯಂ ಫರ್ನ್ ಎಂಬ ಪಾಲುದಾರರ ಮುದ್ರೆ. 1797ರಲ್ಲಿ ಲಂಡನ್ ಪರೀಕ್ಷಾ ಕಚೇರಿಯಿರುವ ಗೋಲ್ಡ್‌ಸ್ಮಿತ್ಸ್ ಹಾಲ್‌ನಲ್ಲಿ ನೋಂದಾಯಿಸಿದ್ದು. ಚಮಚ, ಫೋರ್ಕು ಮಾಡುವುದೇ ಅವರ ಕಸುಬು. ಪಿಟೀಲಿನಂತೆ ಭುಜವಿರುವ ನಿಮ್ಮ ಹಿಡಿಯ ಮಾದರಿ ಆ ಕಾಲದಲ್ಲಿ ಜನ ಕೇಳಿ ಕೊಳ್ಳುತ್ತಿದ್ದ ಮಾದರಿ. 1808ರಲ್ಲಿ ವಿಲಿಯಂ ಚಾನರ್ ಎಂಬಾತ ಸೇರಿಕೊಂಡ ಮೇಲೆ ಮೂವರ ಹೆಸರಿನ ಹೊಸ ಮುದ್ರೆ ಬಂತು. ಈ ಚಾನರ್ ಹೆಸರು ನೆನಪಿಡಿ.

‘ಮಾಡಿದವರು’ ಎಂಬ ಪದವನ್ನು ಮಾತ್ರ ಸ್ವಲ್ಪ ಎಚ್ಚರದಿಂದ ಬಳಸಬೇಕು. ನೋಂದಾಯಿತ ಮುದ್ರೆ ಹೇಳುವುದು ಹೊಣೆಗಾರರ ಹೆಸರನ್ನು: ಈ ಬೆಳ್ಳಿ ಕಳಪೆಯಾದರೆ ಹಿಡಿಯಬೇಕಾದದ್ದು ಯಾರನ್ನು ಎಂದು. ಬೆಳ್ಳಿ ಸರಳನ್ನು ಕಾಯಿಸಿ, ಬಡಿದು, ಬಟ್ಟಲು ತೋಡಿ, ಅರದಿಂದ ಉಜ್ಜಿ ನಯ ಮಾಡಿದ ಕೈಗಳು ಆ ಕಾರ್ಖಾನೆಯ ಕೂಲಿಯವರದೋ ಕಲಿಯಲು ಬಂದ ಹುಡುಗರದೋ ಆಗಿರಬಹುದು. ಅವರ ಹೆಸರು ಯಾವ ಮುದ್ರೆಯಲ್ಲೂ ಇಲ್ಲ. ನಮ್ಮ ಮನೆಗಳ ಹಳೆಯ ತಂಬಿಗೆ ಬಟ್ಟಲುಗಳನ್ನು ಮಾಡಿದ ಅಕ್ಕಸಾಲಿಗರ ಕಥೆಯೂ ಹೀಗೆಯೇ. ಈ ಕೆಲಸದಲ್ಲಿ ನನ್ನನ್ನು ಇಂದಿಗೂ ಕಾಡುವುದು ಅದೇ.

ಇನ್ನು ಆ ಎರಡು ಬೇರೆ ಫೋರ್ಕುಗಳು. ಅವುಗಳ ಮೇಲೆ ರಾಣಿಯ ತಲೆ, ಕಿರೀಟವಿಲ್ಲದ ಚಿರತೆ, ಗಾಥಿಕ್ ಎಂಬ ಹಳೆಗಾಲದ ಕೋನಕೋನದ ಶೈಲಿಯ ಸಣ್ಣಕ್ಷರ ‘ಡಿ’, ಜೊತೆಗೆ ‘ಜಿ ಎ’. ಗಾಥಿಕ್ ಸಣ್ಣಕ್ಷರಗಳ ಸುತ್ತು 1856ರಲ್ಲಿ ಶುರುವಾದದ್ದು, ಹಾಗಾಗಿ ಇವು 1859–60ರವು. ‘ಜಿ ಎ’ ಎಂದರೆ ಜಾರ್ಜ್ ಆಡಮ್ಸ್. ಈತ ಯಾರು ಗೊತ್ತೇ? ಮೇಲೆ ಹೇಳಿದ ಚಾನರ್ ಮುಂದೆ ಈಲಿ, ಫರ್ನ್ ಇಬ್ಬರನ್ನೂ ಬಿಟ್ಟು ಸ್ವಂತ ವ್ಯಾಪಾರ ಹೂಡಿದ. ಅವನು ತೀರಿಕೊಂಡ ಮೇಲೆ ಹೆಂಡತಿ ಮೇರಿ ಚಾನರ್ 1834ರಲ್ಲಿ ತನ್ನ ಹೆಸರಿನಲ್ಲೇ ಮುದ್ರೆ ನೋಂದಾಯಿಸಿ ಕಾರ್ಖಾನೆ ನಡೆಸಿದಳು. 1840ರಲ್ಲಿ ಅದನ್ನು ವಹಿಸಿಕೊಂಡ ಅಳಿಯನೇ ಜಾರ್ಜ್ ಆಡಮ್ಸ್. ಬೇರೆ ಬೇರೆ ಎಂದು ನೀವು ಬೇಸರಪಟ್ಟುಕೊಂಡ ಫೋರ್ಕುಗಳು ಒಂದೇ ಕಸುಬಿನ ಎಳೆಯಲ್ಲಿ, ಅರ್ಧ ಶತಮಾನದ ಅಂತರದಲ್ಲಿ ಹುಟ್ಟಿದವು.

ಹಕ್ಕಿಯ ತಲೆ ಕಂಪನಿಯದಲ್ಲ, ಮಾಲೀಕರ ಮನೆತನದ ಲಾಂಛನ. ಎರಡು ಕಾಲದ ಸಾಮಾನಿನ ಮೇಲೂ ಅದೇ ಹಕ್ಕಿ ಇರುವುದು ನೋಡಿದರೆ, ಕಳೆದುಹೋದ ಎರಡು ಫೋರ್ಕಿನ ಬದಲಿಗೆ ಮನೆಯವರೇ ಹೊಸದು ಮಾಡಿಸಿ ಜೊತೆಗೂಡಿಸಿರುವಂತಿದೆ. ತಾತ ತೋಟ ಕೊಂಡ ಕ್ರಯಪತ್ರದಲ್ಲಿ ದೊರೆಯ ಪೂರ್ತಿ ಹೆಸರಿರುತ್ತದೆ. ಅದನ್ನು ಹುಡುಕಿ, ಆ ಮನೆತನದ ಲಾಂಛನಕ್ಕೆ ಹಕ್ಕಿಯನ್ನು ಹೋಲಿಸಿ ನೋಡಿ. ತಾಳೆಯಾದರೆ ಈ ಬೆಳ್ಳಿ ಯಾರ ಊಟದ ಮೇಜಿನಿಂದ ಮಲೆನಾಡಿಗೆ ಬಂತು ಎಂಬುದೂ ಗೊತ್ತಾದೀತು. ತಾಳೆಯಾಗದಿದ್ದರೆ ದೊರೆಯೂ ಇದನ್ನು ಹಳೆಯ ಸಾಮಾನಾಗಿ ಕೊಂಡಿದ್ದಿರಬಹುದು.

ಚಮಚಗಳ ತುದಿಯನ್ನೂ ಗಮನಿಸಿ. ಬಲಗೈಯವರು ತಟ್ಟೆಯನ್ನು ಕೆರೆದೂ ಕೆರೆದೂ ಬಟ್ಟಲಿನ ಎಡತುದಿ ಸವೆಯುತ್ತದೆ. ಫೋಟೋದ ಎರಡನೆಯ ಚಮಚದಲ್ಲಿ ಅದು ಚೆನ್ನಾಗಿ ಕಾಣುತ್ತದೆ. ಸವೆತ ಜಾಸ್ತಿಯಾದಷ್ಟೂ ಕೊಳ್ಳುವವರು ಬೆಲೆ ಇಳಿಸುತ್ತಾರೆ. ಆದರೂ ಸವೆದ ತುದಿಯನ್ನು ಅರ ಹಾಕಿಸಿ ‘ಸರಿ’ ಮಾಡಿಸಬೇಡಿ.

ಇನ್ನೊಂದು ಕಳಕಳಿಯ ಮಾತು. ಹಬ್ಬಕ್ಕೆ ದೀಪ, ಕುಂಕುಮದ ಭರಣಿ ಬೆಳಗುವ ಹಾಗೆ ವಿಭೂತಿಯನ್ನೋ ಹಲ್ಲುಪುಡಿಯನ್ನೋ ಹಚ್ಚಿ ಇವನ್ನು ತಿಕ್ಕಬೇಡಿ. ನಿಮ್ಮ ಐದನೆಯ ಚಮಚದಲ್ಲಿ ಸಿಂಹದ ಕಾಲು ಅರ್ಧ ಅಳಿಸಿದೆ, ಅದು ತಿಕ್ಕಿದ್ದರ ಗುರುತು. ಉಗುರುಬೆಚ್ಚಗಿನ ನೀರು, ಸೋಪಿನ ನೊರೆ, ಮೆತ್ತನೆಯ ಹತ್ತಿಬಟ್ಟೆ ಸಾಕು. ಮುದ್ರೆ ಸರಿಯಾಗಿ ಕಾಣದಿದ್ದರೆ ಅದರ ಮೇಲೆ ಬಾಯಿಂದ ಹಬೆ ಊದಿ, ಬದಿಯಿಂದ ಟಾರ್ಚ್ ಹಿಡಿದು, ಭೂತಗನ್ನಡಿಯಲ್ಲಿ ನೋಡಿ. ಅಕ್ಷರ ಎದ್ದು ಬರುತ್ತದೆ.

ಮಗಳಿಗೆ ಕಳಿಸುವ ಮುನ್ನ ತಡೆಯಿರಿ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷಕ್ಕೆ ಮೀರಿದ ಕುಶಲ ವಸ್ತುಗಳು ಪುರಾತನ ವಸ್ತುಗಳೆನಿಸಬಹುದು, ಅವನ್ನು ಖಾಸಗಿಯವರು ಹೊರದೇಶಕ್ಕೆ ಒಯ್ಯುವಂತಿಲ್ಲ. ಲಂಡನ್ನಿನಲ್ಲೇ ಹುಟ್ಟಿದ್ದಲ್ಲವೇ ಎಂಬ ವಾದವನ್ನು ನೆಚ್ಚಿಕೊಂಡು ಪೆಟ್ಟಿಗೆಯಲ್ಲಿ ಹಾಕಬೇಡಿ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಬೆಂಗಳೂರು ಕಚೇರಿಯನ್ನು ಮೊದಲು ಕೇಳಿ, ಅವರ ಉತ್ತರವನ್ನು ಬರಹದಲ್ಲೇ ಪಡೆಯಿರಿ. ಮಗಳು ಅಲ್ಲಿದ್ದುಕೊಂಡೇ ಮಾಡಬಹುದಾದ ಕೆಲಸವೂ ಇದೆ: ಮುದ್ರೆಗಳ ಸ್ಪಷ್ಟ ಫೋಟೋಗಳನ್ನು ಹಿಡಿದು ಅಲ್ಲಿನ ಹಳೆ ಬೆಳ್ಳಿಯ ವ್ಯಾಪಾರಿಗಳ ಬಳಿ ಬೆಲೆ ವಿಚಾರಿಸುವುದು.

ಪ್ರಶ್ನೆ: ನಮ್ಮ ಮನೆಯ ಫೋರ್ಕುಗಳ ಹಿಂದೆ ನಾಲ್ಕು ಚೌಕಗಳಲ್ಲಿ ‘ಇ’, ‘ಪಿ’, ‘ಎನ್’, ‘ಎಸ್’ ಎಂದಿದೆ. ಇದೂ ಹಾಲ್‌ಮಾರ್ಕೇ?
— ಓದುಗರು, ಬೆಂಗಳೂರು

ಉತ್ತರ: ಅಲ್ಲ. ಎಲೆಕ್ಟ್ರೋ ಪ್ಲೇಟೆಡ್ ನಿಕಲ್ ಸಿಲ್ವರ್ ಎಂಬುದರ ಮೊದಲಕ್ಷರಗಳು. ಒಳಗಿರುವುದು ನಾವು ಜರ್ಮನ್ ಸಿಲ್ವರ್ ಎನ್ನುವ ತಾಮ್ರ, ನಿಕಲ್, ಸತುವಿನ ಮಿಶ್ರಣ. ಮೇಲೆ ವಿದ್ಯುತ್ತಿನಿಂದ ಲೇಪಿಸಿದ ತೆಳು ಬೆಳ್ಳಿ. 1840ರಲ್ಲಿ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಸಂಸ್ಥೆ ಪೇಟೆಂಟ್ ಪಡೆದ ಮೇಲೆ ಈ ಬಗೆ ಮನೆಮನೆಗೂ ಬಂತು. ದೂರಕ್ಕೆ ಹಾಲ್‌ಮಾರ್ಕಿನಂತೆ ಕಾಣಲಿ ಎಂದೇ ಅಕ್ಷರಗಳನ್ನು ಪುಟ್ಟ ಚೌಕಗಳಲ್ಲಿ ಒತ್ತುತ್ತಿದ್ದರು. ಬಳಸಿ ಸವೆದ ಮೂಲೆಗಳಲ್ಲಿ ಲೇಪ ಹೋಗಿ ಹಳದಿ ಛಾಯೆ ಇಣುಕುತ್ತಿದ್ದರೆ ಅನುಮಾನವೇ ಬೇಡ. ಊಟಕ್ಕೆ ಧಾರಾಳವಾಗಿ ಬಳಸಿ.

ಪ್ರಶ್ನೆ: ಅಜ್ಜಿಯ ಬೆಳ್ಳಿ ಸೌಟಿನ ಮೇಲೆ ಸಿಂಹ ಗಿಂಹ ಇಲ್ಲ, ‘ಪಿ. ಓರ್ ಅಂಡ್ ಸನ್ಸ್’ ಎಂದಷ್ಟೇ ಇದೆ. ನಕಲಿಯೇ?
— ಓದುಗರು, ಮೈಸೂರು

ಉತ್ತರ: ನಕಲಿ ಎನ್ನಬೇಕಿಲ್ಲ. ಅದು ಮದರಾಸಿನ ಮೌಂಟ್ ರೋಡಿನಲ್ಲಿದ್ದ ಹೆಸರಾಂತ ಗಡಿಯಾರ ಮತ್ತು ಬೆಳ್ಳಿ ವ್ಯಾಪಾರದ ಸಂಸ್ಥೆ. ದೇವರ ಮೂರ್ತಿಗಳನ್ನು ಉಬ್ಬಿಸಿ ಮಾಡಿದ ‘ಸ್ವಾಮಿ’ ಶೈಲಿಯ ಬೆಳ್ಳಿಗೆ ಪ್ರಸಿದ್ಧಿ. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿ ಲಂಡನ್ನಿನಂಥ ಪರೀಕ್ಷಾ ಕಚೇರಿ ಇರಲಿಲ್ಲ. ಇಲ್ಲಿನ ಸಂಸ್ಥೆಗಳು ತಮ್ಮ ಹೆಸರನ್ನೇ ಒತ್ತುತ್ತಿದ್ದವು. ಕಲ್ಕತ್ತೆಯ ಹ್ಯಾಮಿಲ್ಟನ್ ಸಂಸ್ಥೆಯಂಥವರು ಆನೆಯ ಚಿತ್ರವನ್ನೂ ಸೇರಿಸುತ್ತಿದ್ದರು. ಆದ್ದರಿಂದ ಹೆಸರು ಗೊತ್ತಾದರೂ ಶುದ್ಧತೆಯನ್ನು ಬೇರೆಯಾಗಿ ನೋಡಿಸಬೇಕು. ಒರೆಗಲ್ಲಿಗೆ ತಿಕ್ಕಿಸಬೇಡಿ, ಆಸಿಡ್ ಹನಿಯೂ ಬೇಡ. ಮೈಸೂರಿನ ಹಾಲ್‌ಮಾರ್ಕಿಂಗ್ ಕೇಂದ್ರದಲ್ಲಿ ಎಕ್ಸ್‌-ರೇ ಯಂತ್ರದ ಕೆಳಗಿಟ್ಟು ನೋಡಿ ಎಂದು ಕೇಳಿ; ಗೀರು ಬೀಳದೆ ಎಷ್ಟು ಬೆಳ್ಳಿ, ಎಷ್ಟು ತಾಮ್ರ ಎಂದು ತಿಳಿಯುತ್ತದೆ. ಹಿಡಿ ಮತ್ತು ಬಟ್ಟಲು, ಎರಡು ಕಡೆಯೂ ನೋಡಿಸಿ. ಸೌಟುಗಳ ಹಿಡಿ ಮುರಿದು ಬೇರೆ ಬೆಸೆದಿರುವುದು ಉಂಟು.