ಕೆಟ್ಟ ಹೆಸರು ಹೊತ್ತ ಗಾಡಿ ಕೊಳ್ಳಬಹುದೇ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಅನುಮಾನದ ಸುತ್ತ ಇವೆ: ಒಮ್ಮೆ ಹೆಸರು ಕೆಡಿಸಿಕೊಂಡ ಕಂಪನಿಯನ್ನು ಮತ್ತೆ ನಂಬಬಹುದೇ? ಉತ್ತರಿಸಿದವರು ಗೋಣಿಕೊಪ್ಪಲಿನಲ್ಲಿ ಗ್ಯಾರೇಜ್ ನಡೆಸುವ ಮೆಕ್ಯಾನಿಕಲ್ ಎಂಜಿನಿಯರ್.

ಪ್ರಶ್ನೆ: ಮಗಳಿಗೆ ಸ್ಕೋಡಾ ಕುಶಾಕ್ ಹಿಡಿಸಿದೆ. ನನ್ನ ಭಾವ ಮಾತ್ರ, ‘ಯುರೋಪಿನ ಗಾಡಿ ಕಟ್ಟಿಕೊಂಡರೆ ಕಾಫಿ ಮಾರಿದ ದುಡ್ಡೆಲ್ಲ ಸರ್ವಿಸ್ ಸೆಂಟರಿಗೆ’ ಎಂದು ಹೆದರಿಸುತ್ತಾರೆ. ಈ ಮಾತು ಇಂದಿಗೂ ನಿಜವೇ?
– ಕಾಫಿ ಬೆಳೆಗಾರರು, ನಾಪೋಕ್ಲು

ಉತ್ತರ: ನಿಮ್ಮ ಭಾವ ಸುಳ್ಳು ಹೇಳುತ್ತಿಲ್ಲ, ಆದರೆ ಅವರ ಲೆಕ್ಕ ಹಳೆಯದು. ಗಾಡಿಯ ವಿಚಾರದಲ್ಲಿ ಮಳೆ ನಿಂತರೂ ಮರದ ಹನಿ ನಿಲ್ಲುವುದಿಲ್ಲ. ಕಂಪನಿ ಇವತ್ತು ಒಳ್ಳೆಯ ಕಾರು ಮಾಡಿದರೂ, ಹತ್ತು ವರ್ಷದ ಹಿಂದೆ ಮಾಡಿದ ಕೆಟ್ಟ ಕಾರುಗಳು ಇನ್ನೂ ರಸ್ತೆಯಲ್ಲೇ ಇರುತ್ತವೆ. ಸಂಪಾಜೆ ಘಾಟಿಯಲ್ಲಿ ಬಾನೆಟ್ ಎತ್ತಿ ನಿಂತದ್ದು ಅವೇ, ಜನರ ಕಣ್ಣಿಗೆ ಬೀಳುವುದೂ ಅವೇ.

ಸ್ಕೋಡಾ ಕಥೆಯನ್ನೇ ನೋಡಿ. ಇದು 1895ರಲ್ಲಿ ಇಂದಿನ ಚೆಕ್ ದೇಶದ ಮ್ಲಾದಾ ಬೊಲೆಸ್ಲಾವ್‌ನಲ್ಲಿ ಶುರುವಾದ ಕಂಪನಿಯ ವಂಶ. ಕಮ್ಯುನಿಸ್ಟ್ ಆಡಳಿತದಲ್ಲಿ ಹಣವೂ ಇಲ್ಲ, ಹೊಸ ತಂತ್ರಜ್ಞಾನವೂ ಇಲ್ಲ. ಹಿಂಬದಿ ಎಂಜಿನ್ನಿನ ಅದರ ಕಾರುಗಳು ಬ್ರಿಟನ್ನಿನಲ್ಲಿ ನಗೆಚಾಟಿಕೆಯ ಸರಕಾದವು. 1991ರಲ್ಲಿ ಫೋಕ್ಸ್‌ವ್ಯಾಗನ್ ಪಾಲು ಕೊಂಡಿತು, 1994ರಲ್ಲಿ ಫೆಲಿಷಿಯಾ, 1996ರಲ್ಲಿ ಆಕ್ಟೇವಿಯಾ ಬಂತು. ಕಾರು ಗಟ್ಟಿಯಾಯಿತು, ನಗೆಚಾಟಿಕೆ ಮಾತ್ರ ಹಾಗೇ ಉಳಿಯಿತು. ಕೊನೆಗೆ 2000ದಲ್ಲಿ ಫ್ಯಾಬಿಯಾ ಬಂದಾಗ, ‘ಇದು ಸ್ಕೋಡಾ, ನಿಜವಾಗಿಯೂ’ ಎಂದು ತಮ್ಮ ಕೆಟ್ಟ ಹೆಸರನ್ನು ತಾವೇ ಆಡಿಕೊಂಡು ಜಾಹೀರಾತು ಮಾಡಿದರು. ಅದು ಫಲಿಸಿತು. ಇದೇ ಜಾಹೀರಾತನ್ನು ಹತ್ತು ವರ್ಷ ಮೊದಲು ಹಾಕಿದ್ದರೆ ನಗೆಪಾಟಲಾಗುತ್ತಿತ್ತು, ಏಕೆಂದರೆ ಆಗ ಶೋರೂಮಿಗೆ ಬಂದವರಿಗೆ ತೋರಿಸಲು ಒಳ್ಳೆಯ ಕಾರು ಇರಲಿಲ್ಲ.

ಭಾರತಕ್ಕೆ ಸ್ಕೋಡಾ ಬಂದದ್ದು 2001ರಲ್ಲಿ. ಇಲ್ಲಿ ಅದಕ್ಕೆ ಅಂಟಿದ ಹೆಸರು ಬೇರೆ ಥರದ್ದು. ಓಡಿಸಲು ಚೆನ್ನ, ಬಾಗಿಲು ಹಾಕಿದರೆ ಗಟ್ಟಿ ಸದ್ದು, ಆದರೆ ಪಾರ್ಟ್ಸ್ ದುಬಾರಿ ಮತ್ತು ತಡ. ಅದು ಗಾಡಿಯ ದೋಷಕ್ಕಿಂತ ವ್ಯವಸ್ಥೆಯ ದೋಷ. 2021ರ ಕುಶಾಕ್ ಭಾರತಕ್ಕೆಂದೇ ಮಾಡಿದ ಚಾಸಿಯ ಮೇಲೆ, ಬಹುಪಾಲು ಇಲ್ಲಿಯ ಬಿಡಿಭಾಗಗಳಿಂದ, ನಾಲ್ಕು ವರ್ಷ ಅಥವಾ ಒಂದು ಲಕ್ಷ ಕಿಲೋಮೀಟರ್ ವಾರಂಟಿಯೊಂದಿಗೆ ಬಂತು. ಹಳೆಯ ದೂರು ಎಲ್ಲಿತ್ತೋ ಅಲ್ಲಿಗೇ ಮದ್ದು ಹಾಕಿದ್ದಾರೆ ಎಂಬುದು ನನ್ನ ಅಭಿಪ್ರಾಯ.

ಗೇರ್‌ಬಾಕ್ಸ್ ವಿಷಯದಲ್ಲಿ ಮಾತ್ರ ಕಣ್ಣು ತೆರೆದಿರಲಿ. ಕುಶಾಕ್ 1.5 ಲೀಟರ್ ಆಟೊಮ್ಯಾಟಿಕ್‌ನಲ್ಲಿರುವುದು ಏಳು ಗೇರಿನ, ಒಣ ಕ್ಲಚ್ಚಿನ ಡಿಎಸ್‌ಜಿ, ಅಂದರೆ ಎರಡು ಕ್ಲಚ್ಚುಗಳ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಈ ಜಾತಿಯ ಗೇರ್‌ಬಾಕ್ಸಿನಿಂದಲೇ 2013ರಲ್ಲಿ ಫೋಕ್ಸ್‌ವ್ಯಾಗನ್ ಜಗತ್ತಿನಾದ್ಯಂತ 16 ಲಕ್ಷ ಗಾಡಿಗಳನ್ನು ವಾಪಸ್ ಕರೆಸಿಕೊಳ್ಳಬೇಕಾಯಿತು. ಆಮೇಲೆ ಸುಧಾರಿಸಿದ್ದಾರೆ. ಆದರೂ ಒಣ ಕ್ಲಚ್ಚಿಗೆ ಎಣ್ಣೆಯ ತಂಪು ಇಲ್ಲ. ಏರಿನಲ್ಲಿ ಬ್ರೇಕ್ ಒತ್ತದೆ, ಆಕ್ಸಿಲರೇಟರಿನಲ್ಲೇ ಗಾಡಿ ಹಿಡಿದು ನಿಲ್ಲಿಸುವ ಅಭ್ಯಾಸ ಇದ್ದರೆ ಅದು ಬಿಸಿಯಾಗುತ್ತದೆ. ಕ್ರಿಸ್‌ಮಸ್ ರಜೆಯಲ್ಲಿ ಮಡಿಕೇರಿಯ ಏರು ರಸ್ತೆ ಜಾಮ್ ಆಗಿ ಗಾಡಿ ಅಂಗುಲ ಅಂಗುಲ ಸರಿಯುವುದನ್ನು ನೆನೆಸಿಕೊಳ್ಳಿ. 1.0 ಲೀಟರ್ ಆಟೊಮ್ಯಾಟಿಕ್‌ನಲ್ಲಿರುವುದು ಕ್ಲಚ್ಚಿನ ಬದಲು ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಟಾರ್ಕ್ ಕನ್ವರ್ಟರ್, ಅದಕ್ಕೆ ಈ ಕಾಟ ಇಲ್ಲ. ಮ್ಯಾನ್ಯುವಲ್ ಆದರೆ ಇನ್ನೂ ನಿಶ್ಚಿಂತೆ.

ಬುಕ್ ಮಾಡುವ ಮೊದಲು ಒಂದು ಕೆಲಸ ಮಾಡಿ. ಕ್ಲಚ್ ಸೆಟ್, ಮುಂದಿನ ಬ್ರೇಕ್ ಪ್ಯಾಡ್, ಶಾಕ್ ಅಬ್ಸಾರ್ಬರ್, ಹೆಡ್‌ಲೈಟ್, ಮುಂದಿನ ಗ್ಲಾಸ್ ಇಷ್ಟರ ಬೆಲೆಯನ್ನು ಬರವಣಿಗೆಯಲ್ಲಿ ಕೇಳಿ. ನಮ್ಮ ರಸ್ತೆ, ನಮ್ಮ ಮಳೆಗಾಲದಲ್ಲಿ ಬೀಳುವ ಕೊಂಬೆಗಳ ಲೆಕ್ಕಕ್ಕೆ ಮೊದಲು ಹೋಗುವುದು ಇವೇ. ಕೊಡಲು ಹಿಂದೇಟು ಹಾಕಿದರೆ ಭಾವನ ಮಾತಿಗೆ ಇನ್ನೂ ಜೀವ ಇದೆ ಎಂದು ತಿಳಿಯಿರಿ.

ಪ್ರಶ್ನೆ: ಹ್ಯುಂಡೈ ಕಾರುಗಳಿಗೆ ಅಮೆರಿಕದಲ್ಲಿ ಒಂದು ಕಾಲಕ್ಕೆ ತೀರಾ ಕೆಟ್ಟ ಹೆಸರಿತ್ತಂತೆ. ಅದನ್ನು ಹೇಗೆ ಕಳೆದುಕೊಂಡರು? ಬರೀ ಜಾಹೀರಾತಿನಿಂದಲೇ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಪೊನ್ನಂಪೇಟೆ

ಉತ್ತರ: ನಮ್ಮಲ್ಲಿ 1998ರಲ್ಲಿ ಸ್ಯಾಂಟ್ರೊ ಬಂದಾಗ ಯಾರಿಗೂ ಈ ಹಿನ್ನೆಲೆ ಗೊತ್ತಿರಲಿಲ್ಲ, ಶಾರುಖ್ ಖಾನ್ ಜಾಹೀರಾತು ಮಾತ್ರ ಗೊತ್ತಿತ್ತು. ಅದೇ ವರ್ಷ ಅಮೆರಿಕದಲ್ಲಿ ಹ್ಯುಂಡೈ ಮುಳುಗುವ ಹಂತಕ್ಕೆ ಬಂದಿತ್ತು.

1986ರಲ್ಲಿ ಅವರು ಎಕ್ಸೆಲ್ ಎಂಬ ಪುಟ್ಟ ಕಾರಿನೊಂದಿಗೆ ಅಲ್ಲಿಗೆ ಹೋದರು. ಬೆಲೆ 4,995 ಡಾಲರ್. ಮೊದಲ ವರ್ಷವೇ 1,68,882 ಕಾರು ಮಾರಾಟವಾದವು. ಎರಡು ವರ್ಷಕ್ಕೆ ಮಾರಾಟ ಎರಡೂವರೆ ಲಕ್ಷ ದಾಟಿತು. ಅಷ್ಟರಲ್ಲಿ ಮೊದಲು ಕೊಂಡವರ ಗಾಡಿಗಳು ಗ್ಯಾರೇಜ್ ಸೇರತೊಡಗಿದವು. 1998ರ ಹೊತ್ತಿಗೆ ವರ್ಷದ ಮಾರಾಟ 90 ಸಾವಿರದ ಆಸುಪಾಸಿಗೆ ಇಳಿಯಿತು.

ಆಗ ಅವರು ಎಂಜಿನ್ ಮತ್ತು ಗೇರ್‌ಬಾಕ್ಸಿಗೆ ಹತ್ತು ವರ್ಷ ಅಥವಾ ಒಂದು ಲಕ್ಷ ಮೈಲಿ, ಅಂದರೆ ಸುಮಾರು 1.6 ಲಕ್ಷ ಕಿಲೋಮೀಟರ್, ವಾರಂಟಿ ಕೊಟ್ಟರು. ಜನ ಇದನ್ನು ಮಾರಾಟದ ತಂತ್ರ ಎಂದುಕೊಂಡರು. ನನಗೆ ಕಾಣುವುದು ಬೇರೆ. ವಾರಂಟಿ ಚಿಕ್ಕದಿದ್ದಾಗ ಗಾಡಿ ಕೆಟ್ಟರೆ ದುಡ್ಡು ಹೋಗುವುದು ಗಿರಾಕಿಯದು, ಕಾರ್ಖಾನೆಗೆ ಅದರ ಬಿಸಿ ತಟ್ಟುವುದಿಲ್ಲ. ಹತ್ತು ವರ್ಷದ ಹೊಣೆ ಹೊತ್ತ ಮೇಲೆ ಸವೆದ ಪ್ರತಿ ಬೇರಿಂಗ್ ಕಂಪನಿಯ ಖರ್ಚಿನ ಪುಸ್ತಕಕ್ಕೆ ಬಂದು ಕೂರುತ್ತದೆ. ಅಂಥ ವಾರಂಟಿ ಕೊಟ್ಟ ಮೇಲೆ ಗಾಡಿಯನ್ನು ಸುಧಾರಿಸದಿದ್ದರೆ ದಿವಾಳಿಯೇ ಗತಿ. 1999ರಲ್ಲಿ ಕಂಪನಿಯ ಚುಕ್ಕಾಣಿ ಹಿಡಿದ ಚುಂಗ್ ಮೋಂಗ್-ಕೂ ಗುಣಮಟ್ಟದ ಬೆನ್ನು ಬಿದ್ದದ್ದು ಪ್ರಸಿದ್ಧ. 2004ರಲ್ಲಿ ಹೊಸ ಕಾರುಗಳ ಗುಣಮಟ್ಟ ಅಳೆಯುವ ಜೆ.ಡಿ. ಪವರ್ ಸಮೀಕ್ಷೆಯಲ್ಲಿ ಹ್ಯುಂಡೈ, ಟೊಯೊಟಾವನ್ನು ಹಿಂದೆ ಹಾಕಿತು.

ವಿದ್ಯಾರ್ಥಿಯಾದ ನೀವು ಎರಡು ವಿಷಯ ಗಮನಿಸಬೇಕು. ಆ ವಾರಂಟಿ ಪೂರ್ತಿ ಸಿಗುತ್ತಿದ್ದದ್ದು ಮೊದಲ ಮಾಲೀಕನಿಗೆ ಮಾತ್ರ, ಸೆಕೆಂಡ್ ಹ್ಯಾಂಡ್ ಕೊಂಡವನಿಗೆ ಐದು ವರ್ಷ ಅಥವಾ 60 ಸಾವಿರ ಮೈಲಿ. ಇನ್ನು 2004ರ ಆ ಸಮೀಕ್ಷೆ ಲೆಕ್ಕ ಹಾಕುವುದು ಮೊದಲ 90 ದಿನಗಳ ದೂರುಗಳನ್ನು. ಹೊಸ ಕಾರು ಮೂರು ತಿಂಗಳು ಚೆನ್ನಾಗಿ ಓಡುವುದಕ್ಕೂ ಹತ್ತು ಮಳೆಗಾಲ ತಡೆಯುವುದಕ್ಕೂ ಬಹಳ ವ್ಯತ್ಯಾಸ ಇದೆ.

ಹೋದ ಕೆಟ್ಟ ಹೆಸರು ಮರಳಿ ಬರುವುದಿಲ್ಲ ಎಂದೇನೂ ಇಲ್ಲ. ಅದೇ ಹ್ಯುಂಡೈ 2015ರಿಂದ ಅಮೆರಿಕದಲ್ಲಿ ಥೀಟಾ-2 ಎಂಜಿನ್ನುಗಳನ್ನು ವಾಪಸ್ ಕರೆಸಬೇಕಾಯಿತು. ಕ್ರ್ಯಾಂಕ್‌ಶಾಫ್ಟ್ ಕೊರೆದಾಗ ಎಣ್ಣೆ ಹರಿಯುವ ರಂಧ್ರದಲ್ಲಿ ಉಳಿದ ಲೋಹದ ಚೂರು ಬೇರಿಂಗಿಗೆ ಎಣ್ಣೆ ಹೋಗದಂತೆ ತಡೆಯುತ್ತಿತ್ತು, ಎಂಜಿನ್ ಹಿಡಿದುಕೊಳ್ಳುತ್ತಿತ್ತು. ವಾಪಸಾತಿ ನಿಭಾಯಿಸಿದ ರೀತಿಗಾಗಿ 2020ರಲ್ಲಿ ಹ್ಯುಂಡೈ ಮತ್ತು ಕಿಯಾ ಅಮೆರಿಕ ಸರ್ಕಾರದೊಂದಿಗೆ 21 ಕೋಟಿ ಡಾಲರ್ ದಂಡದ ಒಪ್ಪಂದ ಮಾಡಿಕೊಂಡವು.

ಇವತ್ತು ಎಲ್ಲರೂ ಕಣ್ಣು ಮುಚ್ಚಿ ಕೊಳ್ಳುವ ಟೊಯೊಟಾ ಕೂಡ ಇದೇ ದಾರಿ ತುಳಿದದ್ದು. 1957ರಲ್ಲಿ ಅಮೆರಿಕಕ್ಕೆ ಒಯ್ದ ಟೊಯೊಪೆಟ್ ಕ್ರೌನ್ ಅಲ್ಲಿನ ಹೆದ್ದಾರಿಯ ವೇಗಕ್ಕೆ ಏದುಸಿರು ಬಿಟ್ಟಿತು. ಅವರು ಜಾಹೀರಾತು ಹೆಚ್ಚಿಸಲಿಲ್ಲ, 1960ರಲ್ಲಿ ಆ ಕಾರಿನ ರಫ್ತನ್ನೇ ನಿಲ್ಲಿಸಿದರು. 1965ರಲ್ಲಿ ಅಲ್ಲಿನ ರಸ್ತೆಗೆ ತಕ್ಕ ಕೊರೊನಾ ಕಾರಿನೊಂದಿಗೆ ಮತ್ತೆ ಹೋದರು.

ಹೆಚ್ಚು ತಪ್ಪಿಲ್ಲದೆ ಹೆಸರು ಕೆಡಿಸಿಕೊಂಡವರೂ ಇದ್ದಾರೆ. 1986ರಲ್ಲಿ ಅಮೆರಿಕದ ಒಂದು ಟಿವಿ ಕಾರ್ಯಕ್ರಮ, ಔಡಿ 5000 ತಾನಾಗಿಯೇ ನುಗ್ಗುತ್ತದೆ ಎಂದು ತೋರಿಸಿತು. 1985ರಲ್ಲಿ 74,061 ಇದ್ದ ಔಡಿ ಮಾರಾಟ 1991ಕ್ಕೆ 12,283ಕ್ಕೆ ಕುಸಿಯಿತು. ಚಾಲಕರು ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ಒತ್ತಿದ್ದೇ ಮುಖ್ಯ ಕಾರಣ ಎಂದು ಅಲ್ಲಿನ ಸರ್ಕಾರಿ ತನಿಖೆ 1989ರಲ್ಲೇ ಹೇಳಿತ್ತು. ವರದಿ ಬಂದ ಮೇಲೂ ಎರಡು ವರ್ಷ ಮಾರಾಟ ಇಳಿಯುತ್ತಲೇ ಇತ್ತು! ಇವತ್ತು ಆಟೊಮ್ಯಾಟಿಕ್ ಗಾಡಿಯಲ್ಲಿ ಬ್ರೇಕ್ ಒತ್ತದೆ ‘ಪಾರ್ಕ್’ನಿಂದ ಗೇರ್ ತೆಗೆಯಲು ಆಗುವುದಿಲ್ಲವಲ್ಲ, ಆ ಬೀಗ ಎಲ್ಲ ಕಡೆ ಹರಡಲು ಔಡಿಯ ಈ ಪ್ರಕರಣವೂ ಒಂದು ಕಾರಣ.

ಪ್ರಶ್ನೆ: ಟಾಟಾ ಕಾರು ಟ್ಯಾಕ್ಸಿಗೆ ಲಾಯಕ್ಕು ಎನ್ನುತ್ತಿದ್ದವರೇ ಈಗ ‘ಫೈವ್ ಸ್ಟಾರ್’ ಎಂದು ಹೊಗಳುತ್ತಾರೆ. ಸ್ಟಾರ್ ಬಂದರೆ ಕ್ವಾಲಿಟಿ ಸರಿಹೋಯಿತು ಎಂದರ್ಥವೇ?
– ಆಟೊ ಚಾಲಕರು, ಶನಿವಾರಸಂತೆ

ಉತ್ತರ: ಅಲ್ಲ. ಗುದ್ದಿದಾಗ ಒಳಗಿದ್ದವರು ಎಷ್ಟರ ಮಟ್ಟಿಗೆ ಉಳಿಯುತ್ತಾರೆ ಎಂಬುದಕ್ಕಷ್ಟೇ ಆ ಸ್ಟಾರ್. ಡ್ಯಾಶ್‌ಬೋರ್ಡ್ ಕಟಕಟ ಎನ್ನುತ್ತದೆಯೇ, ಸ್ಕ್ರೀನ್ ನಡುವೆ ಕೈಕೊಡುತ್ತದೆಯೇ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. 1998ರ ಕೊನೆಗೆ ಬಂದ ಇಂಡಿಕಾಗೆ ಒಂದು ಲಕ್ಷಕ್ಕೂ ಮೀರಿ ಬುಕಿಂಗ್ ಬಂದಿತ್ತು. ಮೊದಲ ಗಾಡಿಗಳ ಮೇಲೆ ದೂರಿನ ಸುರಿಮಳೆಯೂ ಆಯಿತು. 2001ರಲ್ಲಿ ಅದರ ತಿದ್ದಿದ ರೂಪ ವಿ2 ಬಂದಾಗ ಗಾಡಿ ಸುಧಾರಿಸಿತು, ಆದರೆ ಅಷ್ಟರಲ್ಲಿ ಟ್ಯಾಕ್ಸಿಯ ಹಣೆಪಟ್ಟಿ ಅಂಟಿತ್ತು. 2018ರ ಡಿಸೆಂಬರಿನಲ್ಲಿ ಟಾಟಾದ ನೆಕ್ಸಾನ್, ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಗುದ್ದಿಸುವ ಪರೀಕ್ಷೆಯಲ್ಲಿ ಐದು ಸ್ಟಾರ್ ಪಡೆದ ಮೊದಲ ಭಾರತೀಯ ಕಾರು ಆಯಿತು. ಹಳೆಯ ಜಗಳವನ್ನು ಬಿಟ್ಟು ಬೇರೆ ಅಂಗಳದಲ್ಲಿ ಗೆದ್ದರು, ಜಾಣ ನಡೆ. ನೀವು ಕೊಳ್ಳುವುದಾದರೆ ಮಾಡೆಲ್ ಬಂದ ಮೊದಲ ವರ್ಷದ ಗಾಡಿ ಬೇಡ. ಈ ಮಾತು ಯಾವ ಕಂಪನಿಗೂ ಅನ್ವಯ.

ಪ್ರಶ್ನೆ: ಹೋಮ್‌ಸ್ಟೇ ಅತಿಥಿಗಳಿಗಾಗಿ ತೋಟದ ಕೆರೆಗೆ ಒಂದು ಫೈಬರ್ ದೋಣಿ ನೋಡಿದ್ದೇವೆ. ಸೆಕೆಂಡ್ ಹ್ಯಾಂಡ್, ಮಂಗಳೂರು ಕಡೆಯದು, ಎವಿನ್‌ರೂಡ್ ಮೋಟಾರ್ ಇದೆ. ತಳದಲ್ಲಿ ಸಣ್ಣ ಸಣ್ಣ ಗುಳ್ಳೆಗಳಿವೆ, ಬಣ್ಣ ಹೊಡೆದರೆ ಸರಿಹೋಗುತ್ತದೆ ಎನ್ನುತ್ತಾರೆ. ಮೋಟಾರಿನ ಕಂಪನಿಗೆ ಹೆಸರು ಚೆನ್ನಾಗಿಲ್ಲ ಎಂದೂ ಯಾರೋ ಹೇಳಿದರು. ತೆಗೆದುಕೊಳ್ಳೋಣವೇ?
– ಹೋಮ್‌ಸ್ಟೇ ಮಾಲೀಕರು, ಸಿದ್ದಾಪುರ

ಉತ್ತರ: ಮೊದಲು ಗುಳ್ಳೆ ನೋಡೋಣ. ಕನ್ನಡಕ ಹಾಕಿಕೊಂಡು, ಮಾಲೀಕರ ಒಪ್ಪಿಗೆ ಪಡೆದು, ಒಂದು ಗುಳ್ಳೆಯನ್ನು ದಬ್ಬಳದಿಂದ ಚುಚ್ಚಿ. ಒಳಗಿಂದ ಅಂಟಂಟು ನೀರು ಚಿಮ್ಮಿ ವಿನೆಗರ್‌ನಂಥ ಹುಳಿ ವಾಸನೆ ಬಂದರೆ ಬಣ್ಣದಿಂದ ಏನೂ ಆಗುವುದಿಲ್ಲ. ಹೊರಗಿನ ಜೆಲ್‌ಕೋಟ್ ಪದರ ದಾಟಿದ ನೀರು ಒಳಗಿನ ರೆಸಿನ್ (ಫೈಬರ್ ಎಳೆಗಳನ್ನು ಹಿಡಿದಿಡುವ ಅಂಟು) ಜೊತೆ ಸೇರಿ ಆಮ್ಲವಾಗಿ, ಇನ್ನಷ್ಟು ನೀರನ್ನು ಎಳೆದುಕೊಳ್ಳುತ್ತಿರುತ್ತದೆ. ಸಮುದ್ರದ ಉಪ್ಪು ನೀರಿಗಿಂತ ಸಿಹಿ ನೀರಿನಲ್ಲಿ ಇದು ಜೋರು. ನಿಮ್ಮ ಕೆರೆಗೆ ಇಳಿಸಿದ ಮೇಲೆ ಕಡಿಮೆಯಾಗುವ ಮಾತೇ ಇಲ್ಲ. ಸರಿಮಾಡಬೇಕೆಂದರೆ ಜೆಲ್‌ಕೋಟ್ ಕೆರೆದು, ತಳವನ್ನು ತಿಂಗಳುಗಟ್ಟಲೆ ಒಣಗಿಸಿ, ಎಪಾಕ್ಸಿ ಹೊಡೆಯಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ಬಟ್ಟೆಯೇ ಒಣಗುವುದಿಲ್ಲ, ದೋಣಿ ಹೇಗೆ ಒಣಗೀತು?

ಈ ಗುಳ್ಳೆಯಿಂದ ಹೆಸರು ಕೆಟ್ಟ ದೊಡ್ಡ ಕಂಪನಿಗಳೂ ಇವೆ. ಅಮೆರಿಕದ ಯೂನಿಫ್ಲೈಟ್, ವಿಯೆಟ್ನಾಂ ಯುದ್ಧಕ್ಕೆ ನದಿ ಗಸ್ತಿನ ದೋಣಿ ಮಾಡಿಕೊಟ್ಟ ಕಂಪನಿ. ಬೇಗ ಬೆಂಕಿ ಹಿಡಿಯದ ರೆಸಿನ್ ಅದರ ಹೆಗ್ಗಳಿಕೆ. ಅದೇ ರೆಸಿನ್ ಹಾಕಿ 1976ರಿಂದ 1981ರ ತನಕ ಕಟ್ಟಿದ ವ್ಯಾಲಿಯಂಟ್ 40 ಎಂಬ ಹಾಯಿದೋಣಿಗಳ ಮೈತುಂಬ ಗುಳ್ಳೆ ಎದ್ದವು. ದೋಣಿಯ ವಿನ್ಯಾಸದಲ್ಲಿ ಮಾತ್ರ ಯಾರೂ ತಪ್ಪು ಹುಡುಕಲಿಲ್ಲ. ರೆಸಿನ್ ಬದಲಿಸಿದರು, ಕಾರ್ಖಾನೆ ಟೆಕ್ಸಾಸ್‌ಗೆ ಹೋಯಿತು, ವ್ಯಾಲಿಯಂಟ್ ಹೆಸರು ಮತ್ತೆ ಎದ್ದು ನಿಂತಿತು. ಅಲ್ಲಿ ಹಳೆಯ ವ್ಯಾಲಿಯಂಟ್ ಕೊಳ್ಳುವವರು ಮೊದಲು ಕೇಳುವುದೇ ಕಟ್ಟಿದ ವರ್ಷ.

ಮೋಟಾರಿನ ಕಥೆ ಇಷ್ಟು ಸುಖವಾಗಿಲ್ಲ. ಎವಿನ್‌ರೂಡ್ ದೋಣಿ ಮೋಟಾರುಗಳಲ್ಲೇ ಹಳೆಯ ಹೆಸರು. 1990ರ ದಶಕದ ಕೊನೆಗೆ ಅದರ ಮಾಲೀಕ ಕಂಪನಿ ಒಎಂಸಿ, ಫಿಶ್ಟ್ ಎಂಬ ಹೊಸ ಬಗೆಯ ಇಂಜೆಕ್ಷನ್ ಎಂಜಿನ್‌ಗಳನ್ನು ಪೂರ್ತಿ ಪಳಗಿಸದೆ ಮಾರುಕಟ್ಟೆಗೆ ಬಿಟ್ಟಿತು. ಅವು ಕೆಟ್ಟವು, ಕಂಪನಿ 2000ದ ಡಿಸೆಂಬರಿನಲ್ಲಿ ದಿವಾಳಿ ಎದ್ದಿತು. ಮರುವರ್ಷ ಬೊಂಬಾರ್ಡಿಯರ್ ಕೊಂಡು, 2003ರಲ್ಲಿ ಇ-ಟೆಕ್ ಎಂಬ ಒಳ್ಳೆಯ ಎಂಜಿನ್ ತಂದಿತು. ಹೆಸರು ಸುಧಾರಿಸಿತು, ಆದರೆ ಅಷ್ಟರಲ್ಲಿ ಗಿರಾಕಿಗಳು ಯಮಹಾ, ಮರ್ಕ್ಯುರಿ ಕಡೆಗೆ ಹೋಗಿಯಾಗಿತ್ತು. 2020ರ ಮೇ ತಿಂಗಳಲ್ಲಿ ಎವಿನ್‌ರೂಡ್ ತಯಾರಿಕೆಯೇ ನಿಂತಿತು. ನಿಮ್ಮದು ಇ-ಟೆಕ್ ಆದರೆ ಕೆಟ್ಟ ಮೋಟಾರೇನಲ್ಲ, ಆದರೂ ಪಾರ್ಟ್ಸಿಗಾಗಿ ನೀವು ಅಲೆಯುತ್ತೀರಿ.

ಆದ್ದರಿಂದ ಗುಳ್ಳೆ ಚುಚ್ಚಿದಾಗ ಹುಳಿ ವಾಸನೆ ಬಂದರೆ ದೋಣಿ ಬಿಟ್ಟುಬಿಡಿ. ಒಣ ಗುಳ್ಳೆಯಾಗಿದ್ದು, ಅದು ಬರೀ ಬಣ್ಣದ ಪದರದ್ದಾದರೆ ದೋಣಿ ಮಾತ್ರ ಕೊಂಡು, ಮೋಟಾರನ್ನು ಮಂಗಳೂರಿನ ದಕ್ಕೆಯಲ್ಲಿ ನಾಡದೋಣಿಯವರ ಮೋಟಾರ್ ರಿಪೇರಿ ಮಾಡುವ ಮೆಕ್ಯಾನಿಕ್‌ಗಳನ್ನು ವಿಚಾರಿಸಿ ತೆಗೆದುಕೊಳ್ಳಿ. ಅವರು ಕೈ ಹಾಕಬಲ್ಲ ಮೋಟಾರೇ ನಿಮಗೆ ಒಳ್ಳೆಯ ಮೋಟಾರ್. ನಿಜ ಹೇಳಬೇಕೆಂದರೆ ತೋಟದ ಕೆರೆಗೆ ಮೋಟಾರೇ ಬೇಡ, ಎರಡು ಜೊತೆ ಹುಟ್ಟು, ಕೂರುವವರ ಲೆಕ್ಕಕ್ಕೆ ತಕ್ಕಷ್ಟು ಲೈಫ್ ಜಾಕೆಟ್ ಸಾಕು. ಅತಿಥಿಗಳನ್ನು ಕೂರಿಸುವ ಮೊದಲು ಪರವಾನಗಿಯ ವಿಷಯ ಕೇಳಿಕೊಂಡು ಬನ್ನಿ.