ಪ್ರತಿಕ್ರಿಯೆ: ಪ್ಯಾರಿಸ್‌ನಿಂದ ಯಾವ ಬಾಣಲೆ, ಯಾವ ಚಾಕು?

ಪ್ಯಾರಿಸ್‌ನಿಂದ ತಾಮ್ರದ ಪಾತ್ರೆ ತರಲೋ, ಕಬ್ಬಿಣದ ಬಾಣಲೆಯೋ, ಸಬಾಟಿಯೆ ಚಾಕು ಒಳ್ಳೆಯದಾ ಅಂತ ಕೇಳಿದ್ದೀರಿ. ಮನೆಯಲ್ಲಿ ಇಂಡಕ್ಷನ್ ಒಲೆ ಅಂದ ಮೇಲೆ ತಾಮ್ರ ಬಿಟ್ಟುಬಿಡಿ. ಸಾದಾ ತಾಮ್ರ ಅದರ ಮೇಲೆ ಕಾಯುವುದೇ ಇಲ್ಲ. ತವರದ ಕಲಾಯಿ ಇದ್ದರೆ ಇನ್ನೊಂದು ತಲೆನೋವು. ತವರ 232 ಡಿಗ್ರಿಗೇ ಕರಗುತ್ತದೆ, ಖಾಲಿ ಪಾತ್ರೆ ಒಲೆ ಮೇಲೆ ಮರೆತರೆ ಮುಗೀತು.

ಕಬ್ಬಿಣದ್ದೇ ಬೇಕು ಅಂದ್ರೆ ಫ್ರಾನ್ಸ್‌ನ ದ ಬುಯೆ ಕಂಪನಿಯ ಕಾರ್ಬನ್ ಸ್ಟೀಲ್ (ಕಬ್ಬಿಣಕ್ಕೆ ಸ್ವಲ್ಪ ಇಂಗಾಲ ಸೇರಿದ ಉಕ್ಕು) ಬಾಣಲೆ ತಗೊಳ್ಳಿ. ಹೊಸದಕ್ಕೆ ಜೇನುಮೇಣ ಸವರಿದ್ದರೆ ಬಿಸಿನೀರಲ್ಲಿ ಉಜ್ಜಿ ತೆಗೆಯಿರಿ. ಆಮೇಲೆ ತೆಳುವಾಗಿ ಎಣ್ಣೆ ಹಚ್ಚಿ, ಹೊಗೆಯಾಡುವವರೆಗೆ ಕಾಯಿಸಿ. ನಮ್ಮ ದೋಸೆ ಕಾವಲಿ ಪಳಗಿಸುವ ಹಾಗೇ. ಹುಣಸೆಹುಳಿ, ಟೊಮೆಟೊ ಮಾತ್ರ ಅದರಲ್ಲಿ ಕುದಿಸಬೇಡಿ, ಪಳಗಿದ್ದೆಲ್ಲ ಕಿತ್ತು ಬರುತ್ತದೆ.

ಚಾಕು ವಿಷಯದಲ್ಲಿ ಜಾಸ್ತಿ ಹುಷಾರಾಗಿರಿ. ಸಬಾಟಿಯೆ ಅನ್ನೋದು ಒಂದೇ ಕಂಪನಿಯಲ್ಲ. ಆ ಹೆಸರು ಹಾಕಿ ಹಲವರು ಮಾರುತ್ತಾರೆ, ಕೆಲವು ಫ್ರಾನ್ಸ್‌ನಲ್ಲಿ ತಯಾರಾದವೇ ಅಲ್ಲ. ಚಾಕುಗಳಿಗೆ ಹೆಸರಾದ ಫ್ರಾನ್ಸ್‌ನ ತಿಯೇರ್ ಊರಿನಲ್ಲಿ ಮಾಡಿದ್ದಾ ಅಂತ ವಿಚಾರಿಸಿ. ಕಾರ್ಬನ್ ಸ್ಟೀಲ್ ಅಲಗು ಸುಲಭವಾಗಿ ಹರಿತವಾಗುತ್ತದೆ, ಆದರೆ ನಿಂಬೆಹಣ್ಣು ಹೆಚ್ಚಿ ಒರೆಸದೆ ಇಟ್ಟರೆ ಕಪ್ಪಾಗುತ್ತದೆ. ಅಷ್ಟು ನಿಗಾ ಆಗಲ್ಲ ಅಂದ್ರೆ ಸ್ಟೇನ್‌ಲೆಸ್ಸೇ ಸಾಕು, ಅದರಲ್ಲಿ ನಾಚಿಕೆ ಏನಿಲ್ಲ.

ಪ್ಯಾರಿಸ್‌ನ ಲೇ ಆಲ್ ಬಡಾವಣೆ ಹತ್ತಿರ 1820ರಿಂದ ಇರುವ ದೆಯಿಲ್ರಾಂ ಅನ್ನೋ ಅಡುಗೆ ಸಾಮಾನಿನ ಅಂಗಡಿಗೆ ಹೋಗಿ, ಕೈಯಲ್ಲಿ ಹಿಡಿದು ತೂಕ ನೋಡಿಯೇ ಆರಿಸಿ. ವಾಪಸ್ ಬರುವಾಗ ಚಾಕು ಚೆಕ್-ಇನ್ ಬ್ಯಾಗಿಗೇ ಹಾಕಿ.