ಇಂಗ್ಲೆಂಡಿನ ಮೆಟಲ್ ಡಿಟೆಕ್ಟಿಂಗ್ ಕ್ಲಬ್‌ಗಳು ವರ್ಷವಿಡೀ ಏನು ಮಾಡುತ್ತವೆ?

ಲೋಹ ಪತ್ತೆ ಹಚ್ಚುವ ಯಂತ್ರ (ಡಿಟೆಕ್ಟರ್) ಹಿಡಿದು ನೆಲದಲ್ಲಿ ಹುದುಗಿದ ಹಳೆಯ ವಸ್ತು ಹುಡುಕುವ ಈ ಹವ್ಯಾಸಿಗಳ ಕ್ಯಾಲೆಂಡರ್ ನಿಜವಾಗಿ ರೈತರ ಕೈಯಲ್ಲಿದೆ. ಪೈರು ನಿಂತ ಹೊಲಕ್ಕೆ ಕಾಲಿಡುವಂತಿಲ್ಲ, ಅಲ್ವಾ? ಆಗಸ್ಟ್ ಹೊತ್ತಿಗೆ ಗೋಧಿ, ಬಾರ್ಲಿ ಕಟಾವಾದರೆ ಕ್ಲಬ್‌ನವರಿಗೆ ಸುಗ್ಗಿ. ಮಾಲೀಕರ ಒಪ್ಪಿಗೆ ಪಡೆದು, ಬರೀ ಕೂಳೆ ಉಳಿದ ಹೊಲದಲ್ಲಿ ರಜೆಯ ದಿನ ಗುಂಪಾಗಿ ಹುಡುಕುತ್ತಾರೆ. ಮತ್ತೆ ಬಿತ್ತನೆಯಾಗುವವರೆಗಿನ ಕೆಲವೇ ವಾರ ಅದು. ಆಮೇಲೆ ಹುಲ್ಲುಗಾವಲು, ಇಲ್ಲವೇ ಬಿರುಗಾಳಿ ಮರಳು ಕೊಚ್ಚಿಕೊಂಡು ಹೋದ ಕಡಲತೀರ. ಚಳಿಗಾಲದ ಸಂಜೆ ಸೇರಿ, ಸಿಕ್ಕಿದ್ದನ್ನು ಮೇಜಿನ ಮೇಲಿಟ್ಟು ತಿಂಗಳ ಒಳ್ಳೆಯ ವಸ್ತುವಿಗೆ ಓಟು ಹಾಕುವುದೂ ಉಂಟು. ನಿಧಿ ಅಂತ ಕನಸು ಕಾಣಬೇಡಿ. ಜಾಸ್ತಿ ಸಿಗುವುದು ಬಟ್ಟೆಯ ಗುಂಡಿ, ಮೊಳೆ, ಡಬ್ಬಿ ಮುಚ್ಚಳ.

ಆದರೂ ಅದೃಷ್ಟ ಖುಲಾಯಿಸುವುದುಂಟು. 2009ರಲ್ಲಿ ಟೆರ್ರಿ ಹರ್ಬರ್ಟ್ ಎಂಬುವವರಿಗೆ ಸ್ಟಾಫರ್ಡ್‌ಶೈರ್‌ನ ಹೊಲವೊಂದರಲ್ಲಿ ಸಾವಿರ ವರ್ಷಕ್ಕೂ ಹಿಂದಿನ ಆಂಗ್ಲೋ-ಸ್ಯಾಕ್ಸನ್ ಕಾಲದ ಚಿನ್ನದ ರಾಶಿ ಸಿಕ್ಕಿತು. ಅದರ ಬೆಲೆ ಸುಮಾರು 33 ಲಕ್ಷ ಪೌಂಡ್. ಹಣ ಅವರಿಗೂ ಹೊಲದ ಮಾಲೀಕರಿಗೂ ಸಮಪಾಲು.

ಆದರೆ ಸಿಕ್ಕಿದ್ದನ್ನು ಸುಮ್ನೆ ಜೇಬಿಗಿಳಿಸುವಂತಿಲ್ಲ. 1996ರ ನಿಧಿ ಕಾಯ್ದೆ ಪ್ರಕಾರ, ನಿಧಿ ಅನ್ನಿಸಿದ್ದನ್ನು 14 ದಿನದೊಳಗೆ ಕರೋನರ್ ಎಂಬ ಅಧಿಕಾರಿಗೆ ತಿಳಿಸಬೇಕು. ಸಂರಕ್ಷಿತ ಸ್ಮಾರಕಗಳ ಜಾಗದಲ್ಲಿ ಅನುಮತಿಯಿಲ್ಲದೆ ಡಿಟೆಕ್ಟರ್ ಬಳಸುವುದೇ ಅಪರಾಧ.

ಇದನ್ನು ಓದಿ ಹಂಪಿಗೆ ಡಿಟೆಕ್ಟರ್ ಹೊತ್ತು ಹೊರಡಬೇಡಿ ಮತ್ತೆ! ನಮ್ಮಲ್ಲೂ ನಿಧಿ ಕಾಯ್ದೆ ಇದೆ. ನೆಲದಲ್ಲಿ ಹುದುಗಿದ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು.